‘ಸಂತೋಷವಾಯಿತು’ ಮತ್ತು ‘ಸಾರ್ಥಕವಾಯಿತು’

‘ನನಗೆ ಸಂತೋಷವಾಯಿತು’ ಎನ್ನುತ್ತೇವೆ. ‘ನನಗೆ ಸಾರ್ಥಕವಾಯಿತು’ ಎಂದು ಯಾರೂ ಹೇಳುವುದಿಲ್ಲ. ಸಾರ್ಥಕವಾಗುವುದು ಪಟ್ಟ ಶ್ರಮ, ಕಳೆದ ವರ್ಷಗಳು, ಹೆಚ್ಚೆಂದರೆ ಇಡೀ ಜನ್ಮ. ಸಂತೋಷಕ್ಕೆ ಅದನ್ನು ಅನುಭವಿಸುವ ವ್ಯಕ್ತಿ ಬೇಕು, ಆದ್ದರಿಂದಲೇ ಅದು ‘ನನಗೆ’, ‘ಅವಳಿಗೆ’ ಎಂಬ ಚತುರ್ಥಿಯ ಆಸರೆ ಹುಡುಕುತ್ತದೆ. ಸಾರ್ಥಕತೆಗೆ ಬೇಕಾದದ್ದು ಮಾಡಿದ ಕೆಲಸ. ಇವೆರಡರ ಅಂತರವನ್ನು ನಮ್ಮ ವಾಕ್ಯರಚನೆಯೇ ಹೀಗೆ ಎತ್ತಿ ತೋರಿಸುತ್ತಿದ್ದರೂ ಮಾತಿನಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ರೂಢಿ ಹೆಚ್ಚುತ್ತಿದೆ.

ಸಂತೋಷ ಎಂಬುದು ‘ತುಷ್’ ಧಾತುವಿನಿಂದ ಬಂದ ಪದ. ತುಷ್ಟಿ, ಪರಿತೋಷ, ಬೇಗನೆ ಒಲಿಯುವ ಶಿವನ ಹೆಸರಾದ ಆಶುತೋಷ ಇವೆಲ್ಲ ಅದರ ಬಳಗದವು. ಪತಂಜಲಿಯ ಯೋಗಸೂತ್ರ ಹೇಳುವ 5 ನಿಯಮಗಳಲ್ಲಿ ಸಂತೋಷವೂ ಒಂದು, ಆದರೆ ಅಲ್ಲಿ ಅದು ಇದ್ದುದರಲ್ಲಿ ಸಾಕೆನ್ನುವ ಮನಸ್ಸು, ಅಭ್ಯಾಸದಿಂದ ಬೆಳೆಸಿಕೊಳ್ಳಬೇಕಾದ ಗುಣ. ಇಂದಿನ ಕನ್ನಡದಲ್ಲಿ ಆ ಅರ್ಥ ಹಿಂದೆ ಸರಿದು, ಪಾರಸಿಯಿಂದ ಬಂದ ‘ಖುಷಿ’ಗೆ ಸಂತೋಷವು ಬಹುಮಟ್ಟಿಗೆ ಸಮಾನಪದವಾಗಿದೆ.

ಸಾರ್ಥಕದ ರಚನೆ ಸರಳ: ಅರ್ಥದೊಡನೆ ಕೂಡಿದ್ದು ಸಾರ್ಥಕ, ಅದಿಲ್ಲದ್ದು ನಿರರ್ಥಕ ಅಥವಾ ವ್ಯರ್ಥ. ತೊಡಕಿರುವುದು ‘ಅರ್ಥ’ದಲ್ಲಿ, ಏಕೆಂದರೆ ಈ ಒಂದೇ ಪದ ತಾತ್ಪರ್ಯ, ಉದ್ದೇಶ, ಹಣ ಮೂರನ್ನೂ ಸೂಚಿಸುತ್ತದೆ. ಕರಾವಳಿಯವರಾದ ನಮಗೆ ಅದಕ್ಕೆ ಇನ್ನೊಂದು ಬಣ್ಣವೂ ಉಂಟು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ಹಾಡುಗಾರರಾದ ಭಾಗವತರು ಹಾಡಿ ಮುಗಿಸಿದ ಪದ್ಯಕ್ಕೆ ‘ಅರ್ಥ ಹೇಳುವ’ ಕಲಾವಿದ ಅರ್ಥಧಾರಿ. ಪದ್ಯ ನಾಲ್ಕು ಸಾಲಿನದಾದರೂ ಸಮರ್ಥ ಅರ್ಥಧಾರಿ ಅದನ್ನು ಅರ್ಧ ಗಂಟೆ ಬೆಳೆಸಬಲ್ಲ. ಪದ್ಯದ ಆಯ್ಕೆ ಅವನದಲ್ಲ, ಅರ್ಥ ಮಾತ್ರ ಅವನದು. ಸಾರ್ಥಕ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಹೋಲಿಕೆ ನೆನಪಾಗುತ್ತದೆ.

ಉಡುಪಿಯ ಸಮೀಪದ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಅಕ್ಕ ಒಬ್ಬರನ್ನು ನಾನು ಹಲವು ವರ್ಷಗಳಿಂದ ಬಲ್ಲೆ. ಬೆಳಕು ಹರಿಯುವ ಮೊದಲೇ ಅರಳದ ಮೊಗ್ಗುಗಳನ್ನು ಕೊಯ್ದು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರದಂತೆ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಮೊಗ್ಗು ಸೇರಿದರೆ ಒಂದು ಚೆಂಡು, 4 ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಸಲ ಬೆರಳು ಗಿಡಕ್ಕೆ ಹೋಗಿ ಬರಬೇಕು. ಅಟ್ಟೆಯ ದರ ದಿನವೂ ಬದಲಾಗುತ್ತದೆ. ಮದುವೆ, ದೈವಗಳ ನೇಮ, ನಾಗಾರಾಧನೆಗಳು ಒಟ್ಟಿಗೆ ಬಂದು ದರ ಏರಿದ ದಿನ ಅಕ್ಕನ ಮುಖ ಅರಳುತ್ತದೆ, ಮರುದಿನ ಇಳಿದರೆ ಬಾಡುತ್ತದೆ. ಇದು ಸಂತೋಷದ ಲೆಕ್ಕ, ದಿನದ ಲೆಕ್ಕ. ಈ ಹೂವಿನ ಹಣದಿಂದಲೇ ಕಾಲೇಜಿನ ಶುಲ್ಕ ಕಟ್ಟಿಸಿಕೊಂಡ ಮಗಳು ಕೆಲಸಕ್ಕೆ ಸೇರಿ ಮೊದಲ ಸಂಬಳ ತಂದಾಗ ಅವರು ಹೇಳಿದ್ದು, ‘ಇಷ್ಟು ವರ್ಷ ಬೆನ್ನು ಬಗ್ಗಿಸಿದ್ದು ಸಾರ್ಥಕ ಆಯ್ತು ನೋಡಿ’ ಎಂದು. ದರ ಬಿದ್ದ ದಿನಗಳ ಬೇಸರವೂ, ಮೊಗ್ಗು ಕೊಳೆತ ಮಳೆಗಾಲವೂ ಆ ಮಾತಿನೊಳಗೆ ಸೇರಿಕೊಂಡಿವೆ. ಬೇಸರವನ್ನು ಸಂತೋಷ ತನ್ನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಾರ್ಥಕತೆಗೆ ಅದರ ತಕರಾರಿಲ್ಲ.

ಸಾರ್ಥಕತೆಯ ಹುಟ್ಟು ಸಂತೋಷದಲ್ಲೇ ಇರಬೇಕೆಂದೂ ಇಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು, ವಿದೇಶೀಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ಪಟ್ಟ ಸಂಕೋಚವೇ ತಮ್ಮೂರಿನ ಮಕ್ಕಳಿಗೊಂದು ಶಾಲೆ ಬೇಕೆಂಬ ಹಟಕ್ಕೆ ಕಾರಣವಾಯಿತು. ನ್ಯೂಪಡ್ಪುವಿನಲ್ಲಿ ಆ ಶಾಲೆ ಎದ್ದು ನಿಂತು, ಬಹಳ ಕಾಲದ ಬಳಿಕ 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಕಠೋಪನಿಷತ್ತು ಪ್ರೇಯಸ್ಸು ಮತ್ತು ಶ್ರೇಯಸ್ಸುಗಳನ್ನು ಬೇರ್ಪಡಿಸಿ, ಹಿತವೆನಿಸುವುದೂ ಹಿತವನ್ನು ಮಾಡುವುದೂ ಒಂದೇ ಅಲ್ಲ ಎನ್ನುವಾಗ ಸೂಚಿಸುವುದು ಹೆಚ್ಚುಕಡಿಮೆ ಇದೇ ಕವಲನ್ನು.

ಸಾರ್ಥಕತೆಯ ಜಾಗದಲ್ಲಿ ‘ತೃಪ್ತಿ’ಯನ್ನೋ ‘ಈಡೇರಿಕೆ’ಯನ್ನೋ ಬಳಸುವವರಿದ್ದಾರೆ. ತೃಪ್ತಿ ಮೂಲತಃ ತಣಿಯುವಿಕೆ, ಊಟಕ್ಕೂ ಪಿತೃಗಳ ತರ್ಪಣಕ್ಕೂ ಒಪ್ಪುವ ಪದ. ಈಡೇರುವುದು ಆಸೆ ಅಥವಾ ಹರಕೆ. ಹರಕೆ ತೀರಿಸಲೆಂದು ಕಟೀಲು ಮೇಳದ ಯಕ್ಷಗಾನ ಆಟ ಆಡಿಸಲು ವರ್ಷಗಟ್ಟಲೆ ಸರದಿ ಕಾಯುವವರಿಗೆ ಆ ಪದದ ತೂಕ ಚೆನ್ನಾಗಿ ಗೊತ್ತು.

ಇನ್ನೊಂದು ವ್ಯತ್ಯಾಸ ಸೂಕ್ಷ್ಮವಾದದ್ದು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ನುಡಿನಮನಕ್ಕೆ ನಿಂತವರು ‘ಅವರದು ಸಾರ್ಥಕ ಬದುಕು’ ಎಂದರೆ ಆ ಮಾತು ಸಹಜವಾಗಿಯೇ ಕೇಳಿಸುತ್ತದೆ, ಏಕೆಂದರೆ ಸಾರ್ಥಕತೆಯನ್ನು ಹೊರಗಿನವರೂ ಹಿಂತಿರುಗಿ ನೋಡಿ ಹೇಳಬಹುದು. ಅಪಾಯ ಇರುವುದೂ ಅಲ್ಲಿಯೇ. ಮದುವೆಯಾಗಿ ಮಕ್ಕಳಾದರೆ ಹೆಣ್ಣಿನ ಜನ್ಮ ಸಾರ್ಥಕ ಎಂದು ತೀರ್ಪು ಕೊಡುವವರು ಅಳೆಯುವ ಕೋಲನ್ನು ತಾವೇ ತಂದಿರುತ್ತಾರೆ. ಸನ್ಮಾನದ ಬ್ಯಾನರುಗಳಲ್ಲಿ ಮುದ್ರಿಸುವ ‘ಸಾರ್ಥಕ ಸೇವೆ’ಯಂತೂ ಕೋಲಿನ ಗೋಜಿಗೇ ಹೋಗಿರುವುದಿಲ್ಲ.

ಮಗಳು ದುಡಿಯತೊಡಗಿದ ಮೇಲೆ ಮಲ್ಲಿಗೆಯ ಅಕ್ಕನಿಗೂ ಊರವರು ‘ನಿಮ್ಮದು ಸಾರ್ಥಕ ಆಯ್ತಲ್ಲ, ಇನ್ನಾದರೂ ಬೆಳಿಗ್ಗೆ ಮಲಗಿ’ ಎಂದದ್ದುಂಟು. ‘ಮಗಳಿಗೆ ಕೆಲಸ ಸಿಕ್ಕಿದ್ದು ಗಿಡಕ್ಕೆ ಗೊತ್ತುಂಟಾ ಮಾರಾಯ್ರೆ?’ ಎನ್ನುತ್ತ ಅವರು ಬಾಳೆನಾರು ನೆನೆಹಾಕಿದರು.