ಡಿಸೆಂಬರ್ ದಾಟಿದ ಮೀನಿಗೆ ಏಪ್ರಿಲ್ ಕಾದಿರುತ್ತದೆ

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬೆಳಗಿನ ಜಾವ ಎದ್ದು ನೋಡಿದರೆ, ದಾವಣಗೆರೆಯ ನಮ್ಮ ಮನೆಯ ಎರಡಡಿ ಅಕ್ವೇರಿಯಂಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿಯಲ್ಲಿ 20 ಅಥವಾ 21ರ ಅಂಕಿ ಹಸಿರಾಗಿರುತ್ತದೆ. ಏಪ್ರಿಲ್ ಕೊನೆಯ ಮಧ್ಯಾಹ್ನ ಅದೇ ಹಸಿರು 32ಕ್ಕೆ ಏರಿರುತ್ತದೆ. ಹೀಟರ್ ಇಲ್ಲದೆ ಯಾವ ಮೀನು ಸಾಕಬಹುದು ಎಂದು ಕೇಳುವವರೆಲ್ಲ ಮೊದಲ ಅಂಕಿಗೆ ಹೆದರಿದವರು. ನಾನೂ ಹೆದರಿ ಒಂದು ಹೀಟರ್ ತಂದಿದ್ದೆ. ಒಂದು ರಾತ್ರಿ ಅದರ ಥರ್ಮೋಸ್ಟಾಟ್ ಕೆಟ್ಟು, ಬೆಳಗಾಗುವಷ್ಟರಲ್ಲಿ ತೊಟ್ಟಿ ಸ್ನಾನದ ಹಂಡೆಯಾಗಿತ್ತು. ಆರು ನಿಯಾನ್ ಟೆಟ್ರಾಗಳಲ್ಲಿ ಒಂದೂ ಉಳಿಯಲಿಲ್ಲ. ಅಂದು ಕಿತ್ತ ಪ್ಲಗ್ ಮತ್ತೆ ಹಾಕಿಲ್ಲ. ಆಮೇಲೆ ಗೊತ್ತಾಯಿತು, ನಮ್ಮ ಊರಿನಲ್ಲಿ ಮೀನು ಆರಿಸಬೇಕಾದದ್ದು ಎರಡನೆಯ ಅಂಕಿಯನ್ನು ನೋಡಿಕೊಂಡು.

ಮೀನಿಗೆ ನಮ್ಮಂತೆ ಸ್ವಂತದ ಮೈಬಿಸಿ ಇಲ್ಲ. ನೀರು ಎಷ್ಟೋ ಮೈ ಅಷ್ಟೇ. ನೀರು ಹತ್ತು ಡಿಗ್ರಿ ಏರಿದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ, ಅದಕ್ಕೆ ತಕ್ಕಂತೆ ಆಮ್ಲಜನಕದ ಬೇಡಿಕೆಯೂ ಏರುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಕುಳಿತಿರುವ ನಮಗೆ ಅದರಲ್ಲೂ ಒಂದಿಷ್ಟು ಕಡಿತ. ಉಣ್ಣುವ ಬಾಯಿ ಹೆಚ್ಚಿದ ಹೊತ್ತಿನಲ್ಲೇ ಕಣಜ ಬರಿದಾದ ಲೆಕ್ಕ. ಮೀನು ಹೊರಹಾಕುವ ಅಮೋನಿಯಾ ಕೂಡ ಬಿಸಿನೀರಿನಲ್ಲಿ ಹೆಚ್ಚು ವಿಷಕಾರಿ.

ಹೀಗಾಗಿ ಹೀಟರ್ ಬೇಡದ ಮೀನು ಎಂದ ಕೂಡಲೇ ಎಲ್ಲರೂ ಹೆಸರಿಸುವ ಗೋಲ್ಡ್‌ಫಿಶ್ ಬಗ್ಗೆ ನನಗೆ ತಕರಾರಿದೆ. ಚಳಿಯ ಮಟ್ಟಿಗೆ ಅದನ್ನು ಮೀರಿಸುವವರಿಲ್ಲ. ಹೆಪ್ಪುಗಟ್ಟಿದ ಕೊಳದ ಮಂಜುಗಡ್ಡೆಯ ಕೆಳಗೆ, ಆಮ್ಲಜನಕವೇ ಇಲ್ಲದ ನೀರಿನಲ್ಲೂ ಅದು ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಉಸಿರಿಲ್ಲದೆ ದುಡಿದ ನಮ್ಮ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದಲ್ಲ, ಗೋಲ್ಡ್‌ಫಿಶ್ ಅದನ್ನು ಮದ್ಯಸಾರವಾಗಿ ಬದಲಿಸಿ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ಮೈಯೊಳಗೇ ಭಟ್ಟಿ ಇಟ್ಟುಕೊಂಡ ಪ್ರಾಣಿ! ಆದರೆ ಆ ಭಟ್ಟಿ ಕೊರೆಯುವ ನೀರಿನ ನಿಧಾನ ಬದುಕಿಗಾಗಿ ಇರುವುದು. ಹೊಟ್ಟೆಬಾಕತನ ಮತ್ತು ವಿಪರೀತ ಹೊಲಸು, ಇವೆರಡನ್ನೂ ಕಟ್ಟಿಕೊಂಡು ಬರುವ ಈ ಮೀನನ್ನು ಏಪ್ರಿಲ್‌ನಲ್ಲಿ ಸಣ್ಣ ತೊಟ್ಟಿಯಲ್ಲಿಟ್ಟರೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತದೆ. ಮಕ್ಕಳು ಅದನ್ನು ಹಸಿವು ಎಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ. ಅದಕ್ಕೆ ಬೇಕಾದದ್ದು ಉಸಿರು. ದೊಡ್ಡ ತೊಟ್ಟಿ, ಒಳ್ಳೆಯ ಫಿಲ್ಟರ್, ಹಗಲಿರುಳು ಏರ್ ಪಂಪ್ ಇದ್ದರೆ ಸಾಕಿ, ಇಲ್ಲದಿದ್ದರೆ ಬೇಡ. ಚೀನಾದ ಗ್ವಾಂಗ್‌ಝೌ ಬಳಿಯ ಬೆಟ್ಟದ ತೊರೆಗಳಿಂದ ಬಂದ ವೈಟ್ ಕ್ಲೌಡ್ ಮೀನಿನದೂ ಇದೇ ಕಥೆ. ನಮ್ಮ ಜನವರಿ ಅದಕ್ಕೆ ಸ್ವರ್ಗ, ಬೇಸಿಗೆ ಶಿಕ್ಷೆ.

ನನ್ನ ಮತ ಜೀಬ್ರಾ ಡೇನಿಯೊಗೆ. ಬೆರಳಿನುದ್ದವೂ ಇಲ್ಲದ, ಮೈಮೇಲೆ ನೀಲಿ ಗೆರೆ ಎಳೆದಂತಿರುವ ಈ ಮೀನು ನಮ್ಮ ದೇಶದ್ದೇ. ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತುತ್ತಾ ಚಿತ್ರದುರ್ಗ, ಹರಿಹರದ ಕಡೆಗೂ ಬಂದು ಹೋಗಿದ್ದ. ಡೇನಿಯೊದ ವಿವರಣೆ ಮಾತ್ರ ಗಂಗಾ ನದಿಯ ಮೀನುಗಳ ಕುರಿತು ಅವನು 1822ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಹರಿವು ಕಡಿಮೆಯಿರುವ ತೊರೆಗಳಲ್ಲಿ, ಗದ್ದೆಯ ಅಂಚಿನ ತೆಳು ನೀರಿನಲ್ಲಿ ಬದುಕುವ ಮೀನು ಇದು. ತೆಳು ನೀರು ರಾತ್ರಿ ಬೇಗ ತಣಿಯುತ್ತದೆ, ಹಗಲು ಬೇಗ ಕಾಯುತ್ತದೆ. ಹಾಗಾಗಿ 16–17 ಡಿಗ್ರಿಯಿಂದ 30 ದಾಟಿದ ನೀರಿನವರೆಗೂ ಕಾಡು ಡೇನಿಯೊಗಳು ಸಿಕ್ಕಿವೆ. ನಮ್ಮ ಮನೆಯ ಏರಿಳಿತ ಅದಕ್ಕೆ ಹುಟ್ಟಿನಿಂದಲೇ ಅಭ್ಯಾಸ. ಒಂದೆರಡು ತಂದರೆ ಒಂದನ್ನೊಂದು ಅಟ್ಟಾಡಿಸುತ್ತವೆ, ಏಳೆಂಟು ತನ್ನಿ. ತೊಟ್ಟಿಗೆ ಮುಚ್ಚಳವಿರಲಿ, ಹಾರುತ್ತವೆ. ಒಂದನ್ನು ನಾನು ಟಿವಿ ಸ್ಟ್ಯಾಂಡಿನ ಹಿಂದೆ ಒಣಗಿದ ಸ್ಥಿತಿಯಲ್ಲಿ ಕಂಡಿದ್ದೇನೆ.

ಎರಡನೆಯ ಆಯ್ಕೆ ಗಪ್ಪಿ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನು ಇದೇ. ಅಲ್ಲಿ ಅದಕ್ಕೆ ಯಾರು ಹೀಟರ್ ಇಟ್ಟಿದ್ದಾರೆ? ಗಪ್ಪಿ, ಪ್ಲ್ಯಾಟಿಗಳಿಗೆ ಗಡಸು ನೀರೇ ಹಿತ. ಚಿತ್ರದುರ್ಗದ ಬೋರ್‌ವೆಲ್ ನೀರಿನಲ್ಲಿ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವನ್ನು ಬೈಯುವವರು ಈ ಮೀನುಗಳನ್ನು ಸಾಕಿ ನೋಡಬೇಕು. ಫೈಟರ್ ಮೀನು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು, ಬೇಸಿಗೆ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಡಿಸೆಂಬರ್‌ನಲ್ಲಿ ಕಿಟಕಿಯ ಬಳಿ ಗಾಜಿನ ಬಾಟಲಿಯಲ್ಲಿಟ್ಟ ಫೈಟರ್ ತಳ ಸೇರಿ ಮುದುಡುತ್ತದೆ. ತಪ್ಪು ಬಾಟಲಿಯದು. ಐದು ಲೀಟರ್ ನೀರು ಒಂದೇ ರಾತ್ರಿಯಲ್ಲಿ ತಣಿಯುತ್ತದೆ, ಅರವತ್ತು ಲೀಟರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೀನಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದು ಬಹುಮಟ್ಟಿಗೆ ಈ ದಿಢೀರ್ ಇಳಿತ. ರವೆ ಉದುರಿಸಿದಂತೆ ಮೈಮೇಲೆಲ್ಲ ಬಿಳಿ ಚುಕ್ಕೆ ಏಳುವ ರೋಗ ಸಾಮಾನ್ಯವಾಗಿ ಇಂಥ ರಾತ್ರಿಗಳ ಬೆನ್ನಿಗೇ ಬರುತ್ತದೆ.

ಇನ್ನು ಬೇಸಿಗೆಯ ಉಪಾಯ. ಮಣ್ಣಿನ ಮಡಕೆ ನೀರನ್ನು ಹೇಗೆ ತಣ್ಣಗಿಡುತ್ತದೋ ಹಾಗೆಯೇ ತೊಟ್ಟಿಯನ್ನೂ ತಣಿಸಬಹುದು. ಮುಚ್ಚಳದ ಜಾಗಕ್ಕೆ ಸೊಳ್ಳೆ ಪರದೆ ಕಟ್ಟಿ, ಸಣ್ಣ ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈ ಸವರುವಂತೆ ಇಡುತ್ತೇನೆ. ಅರವತ್ತು ಲೀಟರ್ ನೀರಿನಿಂದ ಕಾಲು ಲೀಟರ್ ಆವಿಯಾದರೂ ಸಾಕು, ಉಳಿದ ನೀರನ್ನು ಎರಡು ಡಿಗ್ರಿಗಿಂತ ಹೆಚ್ಚು ಇಳಿಸುವಷ್ಟು ಶಾಖವನ್ನು ಅದು ಕೊಂಡೊಯ್ಯುತ್ತದೆ. ಕೋಣೆಯ ಬಿಸಿ ಒಳನುಗ್ಗುತ್ತಲೇ ಇರುವುದರಿಂದ ಅಷ್ಟೂ ಕೈಗೆ ದಕ್ಕುವುದಿಲ್ಲ. ಕರಾವಳಿಯ ಜಿಗುಟು ಸೆಕೆಯಲ್ಲಂತೂ ಇದು ಇಷ್ಟು ನಡೆಯುವುದಿಲ್ಲ. ಆದರೆ ನಮ್ಮ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಆವಿ ಹೋದರೂ ಲವಣ ಹಿಂದೆಯೇ ಉಳಿಯುವುದರಿಂದ ಬರೀ ನೀರು ತುಂಬಿಸುತ್ತಾ ಹೋಗಬಾರದು. ವಾರಕ್ಕೊಮ್ಮೆ ಕಾಲುಭಾಗ ಹಳೆಯ ನೀರು ತೆಗೆದು, ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟ ನಲ್ಲಿ ನೀರು ಹಾಕಿ.

ಮೀನು ಕೊಳ್ಳುವುದಾದರೆ ಮಳೆಗಾಲದಲ್ಲಿ, ಆಗಸ್ಟ್ ಹೊತ್ತಿಗೆ ಕೊಳ್ಳಿ. ಆಗ ಅಂಗಡಿಯ ನೀರೂ ಮನೆಯ ನೀರೂ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತವೆ, ಚಳಿಗೆ ಒಗ್ಗಿಕೊಳ್ಳಲು ಮೀನಿಗೆ ಮೂರು ತಿಂಗಳು ಸಿಗುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯವರ ತೊಟ್ಟಿಯಲ್ಲಿ ಹೀಟರಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.