ತೆಂಗಿನಕಾಯಿ, ಮೀಟರ್ ಮತ್ತು ಕಾಣದ ನೀರು

"ಕಣ್ಣಿಗೆ ಕಾಣದ್ದನ್ನ ನೀವು ನಂಬೋದೇ ಇಲ್ಲ ಅಲ್ವಾ ಸಾರ್?" ಬೋರ್‌ವೆಲ್‌ಗೆ ಜಾಗ ನೋಡಲು ಹೋದಾಗ ರೈತರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡೋ, ಬೇವಿನ ಕವೆ ಕಡ್ಡಿ ಹಿಡಿದೋ ನೀರು ನೋಡುವವರು ಆ ಹೊಲಕ್ಕೆ ಮೊದಲೇ ಬಂದು ಹೋಗಿರುತ್ತಾರೆ. ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಗುರುತು ಮಾಡಿರುತ್ತಾರೆ. ನಾನು ಅದನ್ನು ಒಪ್ಪದಿದ್ದರೆ ಮನಸ್ಸು ಮುಚ್ಚಿಕೊಂಡವನು ಅನ್ನಿಸಿಬಿಡುತ್ತೇನೆ.

ಆದರೆ ಅಂತರ್ಜಲದ ಕೆಲಸ ಮಾಡುವವರಿಗೆ ದಿನವೂ ಕಾಣದ್ದರ ಜೊತೆಗೇ ವ್ಯವಹಾರ. ನಮ್ಮ ರಾಜ್ಯದ ಬಹುಪಾಲು ಕಡೆ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಸಿಗುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. 300 ಅಡಿ ಕೆಳಗಿರುವ ಬಿರುಕನ್ನು ಯಾರೂ ಕಣ್ಣಾರೆ ನೋಡಲಾರರು. ನಾನು ಮಾಡುವುದು ಇಷ್ಟು: ನೆಲಕ್ಕೆ ನಾಲ್ಕು ಲೋಹದ ಗೂಟ ಹೊಡೆಯುತ್ತೇನೆ. ಹೊರಗಿನ ಎರಡರ ಮೂಲಕ ಕರೆಂಟ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇನೆ. ಒಣ ಗಟ್ಟಿ ಕಲ್ಲು ಕರೆಂಟನ್ನು ಬಲವಾಗಿ ತಡೆಯುತ್ತದೆ, ನೀರು ಕುಡಿದ ಶಿಥಿಲ ಕಲ್ಲು ಅಷ್ಟು ತಡೆಯುವುದಿಲ್ಲ. ಅದರ ಮೇಲೆ ನನ್ನ ಅಂದಾಜು. ಜೇಡಿಮಣ್ಣೂ ಕರೆಂಟನ್ನು ಸುಲಭವಾಗಿ ಬಿಡುವುದರಿಂದ ಆ ಅಂದಾಜು ತಪ್ಪುವುದೂ ಉಂಟು. ಆಳದ ಸಣ್ಣ ಬಿರುಕುಗಳಂತೂ ಈ ಮೀಟರ್‌ಗೆ ಸರಿಯಾಗಿ ಗೊತ್ತಾಗುವುದೇ ಇಲ್ಲ.

ಕಾಣದ್ದನ್ನು ವಿಜ್ಞಾನ ಯಾವಾಗ ಒಪ್ಪುತ್ತದೆ, ಯಾವಾಗ ಒಪ್ಪುವುದಿಲ್ಲ? ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಕೆಜಿಎಫ್‌ನ ಚಿನ್ನದ ಗಣಿ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ಅದೇ ಕೋಲಾರ ಸೀಮೆ. ನ್ಯೂಟ್ರಿನೊ ಎಂಬ ಕಣ ಇರಬೇಕು ಎಂದು ಭೌತವಿಜ್ಞಾನಿ ಪೌಲಿ ಊಹಿಸಿದ್ದು 1930ರಲ್ಲಿ. ಅದು ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು, ಹಿಡಿಯುವುದು ಬಲು ಕಷ್ಟ. ಅಮೆರಿಕದಲ್ಲಿ ಅದರ ಸುಳಿವು ಹಿಡಿದಾಗ 1956 ಬಂದಿತ್ತು. 1965ರಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ, ಕೆಜಿಎಫ್‌ನಲ್ಲಿ ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ ಉಪಕರಣ ಇಟ್ಟು, ನಮ್ಮ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಕಂಡರು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಬೇರೆ ತಂಡಕ್ಕೂ ಅದೇ ವರ್ಷ ಅಂಥದ್ದೇ ಗುರುತು ಸಿಕ್ಕಿತು. ಜಗತ್ತು ಒಪ್ಪಿತು.

ಮುಂದೆ 1980ರ ದಶಕದಲ್ಲಿ ಅದೇ ಗಣಿಯಲ್ಲಿ, ಪರಮಾಣುವಿನೊಳಗಿನ ಪ್ರೋಟಾನ್ ಎಂಬ ಕಣ ತಾನಾಗಿ ಒಡೆಯುತ್ತದೆಯೇ ಎಂದು ಹುಡುಕಿದರು. ಒಡೆದ ಹಾಗೆ ಕಾಣುವ ಕೆಲವು ಗುರುತುಗಳೂ ಸಿಕ್ಕವು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಲ್ಲಿ ಅದು ಕಾಣಲಿಲ್ಲ. ಜಗತ್ತು ಒಪ್ಪಲಿಲ್ಲ. ಹಿಂದಿನ ಹೆಸರು, ಅದೇ ಗಣಿ ಎಂಬ ಗೌರವ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ನೀರು ನೋಡುವ ಕಡ್ಡಿಗೂ ಇಂಥ ಅವಕಾಶ ಕೊಟ್ಟಿದ್ದಾರೆ. ಸುಮ್ನೆ ತಳ್ಳಿಹಾಕಿಲ್ಲ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಸರ್ಕಾರದ ಹಣದಲ್ಲೇ ಪರೀಕ್ಷೆ ನಡೆಯಿತು. ಸುಮಾರು 500 ಜನರಲ್ಲಿ ಚೆನ್ನಾಗಿ ಮಾಡುವವರೆಂದು 43 ಜನರನ್ನು ಆರಿಸಿದರು. ದೊಡ್ಡ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಗಾಡಿಯ ಮೇಲಿಟ್ಟು ಬೇಕಾದ ಕಡೆ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಿಂತವರು ಅದು ಎಲ್ಲಿದೆ ಎಂದು ಹೇಳಬೇಕು. 843 ಸಲ ಹೀಗೆ ನೋಡಿದರು. ಕೆಲವರಿಗೆ ನಿಜಕ್ಕೂ ಶಕ್ತಿ ಇದೆ ಎಂದು ನಡೆಸಿದವರು ಹೇಳಿದರು. ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದಾಗ, ಆ ಕೆಲವರ ಉತ್ತರವೂ ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಹೆಚ್ಚು ನಂಬುವಂತಿರಲಿಲ್ಲ. ಒಂದು ಸುತ್ತಿನಲ್ಲಿ ಚೆನ್ನಾಗಿ ಹೇಳಿದವರು ಇನ್ನೊಂದರಲ್ಲಿ ಹಾಗೆ ಹೇಳಲಿಲ್ಲ.

ಹಾಗಂತ ನೀರು ನೋಡುವವರು ಮೋಸಗಾರರು ಎಂದು ನಾನು ಹೇಳುವುದಿಲ್ಲ. ಕಡ್ಡಿ ನಿಜವಾಗಿಯೂ ತಿರುಗುತ್ತದೆ. ಮನಸ್ಸಿನಲ್ಲಿ ನಿರೀಕ್ಷೆ ಇದ್ದಾಗ ನಮಗೇ ಗೊತ್ತಾಗದ ಹಾಗೆ ಕೈಯ ಸ್ನಾಯುಗಳು ಅಲುಗುತ್ತವೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದ. ಬಿಗಿಯಾಗಿ ಬಗ್ಗಿಸಿ ಹಿಡಿದ ಕವೆ ಕಡ್ಡಿಗೆ ಅಷ್ಟು ಅಲುಗಾಟ ಸಾಕು. ಹಿಡಿದವರಿಗೆ ಯಾರೋ ಎಳೆದ ಹಾಗೇ ಅನಿಸುತ್ತದೆ. ಅವರ ಅನುಭವ ಸುಳ್ಳಲ್ಲ. ಜೊತೆಗೆ ಊರ ತಗ್ಗು, ಹಳ್ಳ, ಕೆರೆ, ಅಕ್ಕಪಕ್ಕದ ಬೋರ್‌ಗಳು ಅವರಿಗೆ ಚೆನ್ನಾಗಿ ಗೊತ್ತಿರುತ್ತವೆ. ಆ ತಿಳಿವಳಿಕೆಯನ್ನು ನಾನು ಕೇಳಿ ತಿಳಿದುಕೊಳ್ಳುತ್ತೇನೆ, ಅದರಿಂದ ನನಗೆ ಲಾಭವೇ ಆಗಿದೆ.

ನನಗೆ ಸಂಕಟವಾಗುವುದು ಫೇಲ್ ಆದ ಬೋರ್‌ಗಳ ವಿಷಯದಲ್ಲಿ. ನೀರು ಬಂದರೆ ಕಾಯಿಯ ಮಹಿಮೆ. ಬರೀ ಧೂಳು ಬಂದರೆ ರೈತನ ಗ್ರಹಚಾರ, ಇಲ್ಲವೇ ರಿಗ್‌ನವರು ಪಾಯಿಂಟ್ ಬಿಟ್ಟು ಪಕ್ಕಕ್ಕೆ ಕೊರೆದರು ಎಂಬ ಮಾತು. ಯಾವ ಫಲಿತಾಂಶ ಬಂದರೂ ತಪ್ಪಾಗದ ಮಾತಿಗೆ ಸಾಲ ತಂದು ಹಣ ಹಾಕುವವನು ರೈತ. ನಮ್ಮಂಥ ಮೀಟರ್‌ನವರೂ ಇದೇ ನೆಪ ಹೇಳಿದರೆ ಒಪ್ಪಬೇಡಿ. "620 ಅಡಿಗೆ ಸರಿಯಾಗಿ ಎರಡು ಇಂಚು ನೀರು" ಎಂದು ಯಾರೇ ಗ್ಯಾರಂಟಿ ಕೊಟ್ಟರೂ ನಂಬಬೇಡಿ.

ಇಬ್ಬರು ನೀರು ನೋಡುವವರನ್ನು ಬೇರೆ ಬೇರೆ ದಿನ ಕರೆಸಿ. ಮೊದಲಿನವರ ಗುರುತು ಅಳಿಸಿ, ಅವರು ಬಂದದ್ದನ್ನೂ ಹೇಳದೆ ಎರಡನೆಯವರಿಂದ ನೋಡಿಸಿ. ಪಾಯಿಂಟ್‌ಗಳು ಒಂದೇ ಕಡೆ ಬೀಳುತ್ತವೆಯೇ ನೋಡಿ. ಊರಿಗೊಂದು ನೋಟ್‌ಬುಕ್ ಇಟ್ಟು, ರಿಗ್ ಲಾರಿ ಬರುವ ಮೊದಲೇ ಪಾಯಿಂಟ್ ಕೊಟ್ಟವರ ಹೆಸರು, ಹೇಳಿದ ಆಳ, ಹೇಳಿದ ನೀರು ಬರೆದಿಡಿ. ನನ್ನ ಹೆಸರೂ ಅದರಲ್ಲಿರಲಿ. ಹತ್ತಾರು ಬೋರ್‌ಗಳ ಲೆಕ್ಕದಲ್ಲಿ ಕಾಯಿ ನನ್ನ ಮೀಟರ್‌ಗಿಂತ ಮುಂದಿದ್ದರೆ, ಅದು ಹೇಗೆಂದು ನಾನು ಕೂತು ಕಲಿಯುತ್ತೇನೆ. ಕೊರೆದ ಮೇಲೆ ಕೇಸಿಂಗ್ ಎಷ್ಟು ಅಡಿ ಇಳಿಯಿತು, ಎಷ್ಟನೇ ಅಡಿಗೆ ನೀರು ಬಂತು ಎಂಬುದನ್ನು ಸೇರಿಸಿ, ನೀರು ಬಾರದ ಬೋರ್‌ಗಳನ್ನೂ ಬಿಡದೆ ಬರೆಯಿರಿ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಕೊರೆದ ದಿನ ಚಿಮ್ಮಿದ ನೀರು ಎಷ್ಟೋ ಕಡೆ ಬೇಸಿಗೆಯವರೆಗೂ ಉಳಿಯುವುದಿಲ್ಲ.