‘ಬರುವುದಿಲ್ಲ’ ಅನ್ನದ ನಿರಾಕರಣೆ: ಆಡುಮಾತಿನ ಟಿಪ್ಪಣಿ

ಮುಂಬೈಯ ಮಾಟುಂಗಾ ಮಾರ್ಕೆಟಿನಲ್ಲಿ ಹೂ ಕೊಳ್ಳುತ್ತ ನಿಂತ ನಮ್ಮ ಕರಾವಳಿಯ ಇಬ್ಬರು ಹೆಂಗಸರು ಹೀಗೆ ಮಾತಾಡಿದರು ಅಂತ ಇಟ್ಟುಕೊಳ್ಳಿ:

— ಅಕ್ಕಾ, ಭಾನುವಾರ ಪೂಜೆಗೆ ಬರ್ತೀರಲ್ಲ?
— ಈ ಭಾನುವಾರವಾ?
— ಹೌದು, ಬೆಳಿಗ್ಗೆ.
— (1.0) ಅದೂ:: ಬರ್ಬೇಕಂತಲೇ ಇತ್ತು ಮಾರಾಯ್ತಿ. ಸೆಂಟ್ರಲ್, ಅಲ್ಲ, ಹಾರ್ಬರ್ ಲೈನಲ್ಲಿ ಮೆಗಾಬ್ಲಾಕ್ ಉಂಟಲ್ಲ...
— ಹೂಂ.
— ನೋಡ್ತೇನೆ.

(ಸೆಂಟ್ರಲ್, ಹಾರ್ಬರ್ ಇಲ್ಲಿನ ಲೋಕಲ್ ರೈಲಿನ ಮಾರ್ಗಗಳು. ಮೆಗಾಬ್ಲಾಕ್ ಅಂದರೆ ದುರಸ್ತಿಗಾಗಿ ರೈಲು ನಿಲ್ಲಿಸುವುದು.) ಮೊದಲ ಸಾಲು ಆಹ್ವಾನ. ಕರೆದ ಮೇಲೆ ಒಪ್ಪಿಗೆಯೋ ನಿರಾಕರಣೆಯೋ ಬರಲೇಬೇಕು. ಪ್ರಶ್ನೆ–ಉತ್ತರವೂ ಹಾಗೆಯೇ. ಇಂಥ ಜೋಡಿಮಾತಿಗೆ ಸಂಭಾಷಣಾ ವಿಶ್ಲೇಷಣೆಯಲ್ಲಿ, ಅಂದರೆ ಮಾತುಕತೆ ಹೇಗೆ ಸಾಗುತ್ತದೆಂದು ನೋಡುವ ಅಧ್ಯಯನದಲ್ಲಿ, ಅಡ್ಜೇಸೆನ್ಸಿ ಪೇರ್ ಎನ್ನುತ್ತಾರೆ. ‘ಈ ಭಾನುವಾರವಾ?’ ಎಂಬುದು ಆ ಜೋಡಿಯ ನಡುವೆ ತೂರಿದ ಇನ್ನೊಂದು ಜೋಡಿ, ಇನ್ಸರ್ಷನ್ ಸೀಕ್ವೆನ್ಸ್.

ಒಪ್ಪಿಗೆ, ನಿರಾಕರಣೆ ಎರಡೂ ಸರಿಸಮ ಅಲ್ಲ. ಒಪ್ಪುವವರು ‘ಓ, ಬರ್ತೇನೆ’ ಅಂತ ತಕ್ಷಣ ಮುಗಿಸುತ್ತಾರೆ. ಒಪ್ಪದವರು ತಡೆಯುತ್ತಾರೆ, ‘ಅದೂ’ ಎಂದು ಎಳೆಯುತ್ತಾರೆ, ಕಾರಣ ಕೊಡುತ್ತಾರೆ. ಇದು ಡಿಸ್‌ಪ್ರಿಫರ್ಡ್ ಉತ್ತರ. ಇಲ್ಲಿ ಮನಸ್ಸಿನ ಇಷ್ಟಾನಿಷ್ಟದ ಲೆಕ್ಕವಿಲ್ಲ, ಉತ್ತರದ ಕಟ್ಟುಪಾಡನ್ನಷ್ಟೇ ನೋಡಬೇಕು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಮಾತು ಅಷ್ಟು ಚುರುಕಾಗಿ ಕೈಬದಲಾಗುವಾಗ ಒಂದು ಸೆಕೆಂಡ್ ಸುಮ್ಮನಿದ್ದರೂ ಎದುರಿನವರಿಗೆ ಅರ್ಥವಾಗಿಬಿಡುತ್ತದೆ. ಅಕ್ಕ ‘ಬರುವುದಿಲ್ಲ’ ಅಂತ ಒಮ್ಮೆಯೂ ಹೇಳಿಲ್ಲ, ತಂಗಿ ಬೇಜಾರನ್ನೂ ಮಾಡಿಕೊಂಡಿಲ್ಲ. ಈ ನಾಜೂಕೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

‘ಸೆಂಟ್ರಲ್, ಅಲ್ಲ, ಹಾರ್ಬರ್’ ಎಂಬುದು ರಿಪೇರ್. ತಪ್ಪನ್ನು ಆಡಿದವರೇ ತಿದ್ದಿಕೊಳ್ಳಲು ಸಂಭಾಷಣೆ ಮೊದಲ ಅವಕಾಶ ಕೊಡುತ್ತದೆಂದು ಈ ಅಧ್ಯಯನಕ್ಕೆ ಅಡಿಪಾಯ ಹಾಕಿದ ಶೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ 1977ರಲ್ಲಿ ತೋರಿಸಿದರು. ‘ಹೂಂ’ ಬ್ಯಾಕ್‌ಚಾನೆಲ್, 1970ರಲ್ಲಿ ಭಾಷಾವಿಜ್ಞಾನಿ ವಿಕ್ಟರ್ ಇಂಗ್ವೆ ಇಟ್ಟ ಹೆಸರು. ನೀವು ಮುಂದುವರಿಸಿ, ಕೇಳುತ್ತಿದ್ದೇನೆ ಅನ್ನುವುದಷ್ಟೇ ಅದರ ಕೆಲಸ.

ಸ್ಯಾಕ್ಸ್ ಇದನ್ನೆಲ್ಲ ಹುಡುಕಲು ತೊಡಗಿದ್ದು 1960ರ ದಶಕದಲ್ಲಿ, ಲಾಸ್ ಏಂಜಲೀಸಿನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ಫೋನ್ ಕರೆಗಳನ್ನು ಕೇಳುತ್ತ. ಆಡಿದ್ದನ್ನು ಆಡಿದ ಹಾಗೇ ಬರೆದಿಡುವ ಪದ್ಧತಿಯನ್ನು ಜೆಫರ್ಸನ್ ರೂಪಿಸಿದರು. ಮೇಲಿನ (1.0) ಮೌನದ ಸೆಕೆಂಡು, ‘::’ ಎಳೆದ ಸ್ವರ. ನೀವು ಲೋಕಲ್‌ನಲ್ಲೋ ಮನೆಯಲ್ಲೋ ಅನುಮತಿ ಪಡೆದು ರೆಕಾರ್ಡ್ ಮಾಡಿದರೆ, ‘ಬರ್ಬೇಕಂತಲೇ’ ಎಂಬುದನ್ನು ‘ಬರಬೇಕೆಂದೇ’ ಎಂದು ತಿದ್ದಬೇಡಿ.

ಮುಂಬೈಯವರು ಇನ್ನೊಂದು ಗಮನಿಸಬೇಕು. ‘ಲೈನಲ್ಲಿ’ ಎಂಬಲ್ಲಿ ಕನ್ನಡದ ವಿಭಕ್ತಿ ಹತ್ತಿದೆ, ಅದು ಎರವಲು. ಅಕ್ಕ ನಡುವೆ ‘ಚಲೋ, ಬಾದ್ ಮೇ ದೇಖ್ತೇ ಹೈಂ’ ಅಂದಿದ್ದರೆ ಮಾತ್ರ ಅದು ಕೋಡ್-ಸ್ವಿಚಿಂಗ್, ಅಂದರೆ ಮಾತಿನ ನಡುವೆ ಇನ್ನೊಂದು ಭಾಷೆಗೆ ಹೊರಳುವುದು.